ಎರಡು ವರ್ಷದ ಗದ್ದುಗೆ: ಹಾಂಗ್‌ಕಾಂಗ್ ಪಾತಕ ಸಂಘದ ಚುನಾವಣೆ ಮತ್ತು ಜಾನಿ ಟೋ ಸಿನಿಮಾ

ಹಾಂಗ್‌ಕಾಂಗ್‌ನಲ್ಲಿ ಟ್ರಯಾಡ್ ಎಂದು ಹೆಸರಾದ ಪಾತಕ ಸಂಘಗಳ ಸದಸ್ಯನಾಗಿರುವುದೇ ಶಿಕ್ಷಾರ್ಹ ಅಪರಾಧ. ತಾನು ಸದಸ್ಯ ಎಂದು ಬಾಯಿಮಾತಿನಲ್ಲಿ ಹೇಳಿಕೊಂಡರೂ ಸಾಕು, ಮೊದಲ ಸಲ ಸಿಕ್ಕಿಬಿದ್ದವನಿಗೆ 3 ವರ್ಷದವರೆಗೆ ಸಜೆಯಾಗಬಹುದು. ಸಂಘದ ಪದಾಧಿಕಾರಿ ಎಂಬುದು ರುಜುವಾತಾದರೆ ಸಜೆ 15 ವರ್ಷದವರೆಗೂ ಹೋಗುತ್ತದೆ, ಜೊತೆಗೆ 10 ಲಕ್ಷ ಹಾಂಗ್‌ಕಾಂಗ್ ಡಾಲರ್‌ವರೆಗೆ ದಂಡ. ಇಂಥದೊಂದು ಹುದ್ದೆಗೆ ಪೈಪೋಟಿ ಏರ್ಪಡುತ್ತದೆ, ಉಮೇದುವಾರರು ಹಣ ಹಂಚುತ್ತಾರೆ, ಹಿರಿಯರು ಸಭೆ ಸೇರಿ ಒಬ್ಬನನ್ನು ಆರಿಸುತ್ತಾರೆ, ಸೋತವನು ಫಲಿತಾಂಶವನ್ನು ಒಪ್ಪುವುದಿಲ್ಲ. ಜಾನಿ ಟೋ ನಿರ್ದೇಶನದ ‘ಎಲೆಕ್ಷನ್’ (2005) ಮತ್ತು ಅದರ ಎರಡನೆಯ ಭಾಗ (2006) ನಿಂತಿರುವುದು ಈ ವಿಚಿತ್ರ ಸನ್ನಿವೇಶದ ಮೇಲೆ.

ಭೂಗತ ಲೋಕದ ಸಿನಿಮಾ ಎಂದರೆ ಒಬ್ಬನ ಏಳುಬೀಳಿನ ಕಥೆ ಎಂಬುದು ವಾಡಿಕೆ. ಬಡವನೊಬ್ಬ ಕತ್ತಿ ಹಿಡಿಯುತ್ತಾನೆ, ಮೇಲೇರುತ್ತಾನೆ, ಕೊನೆಗೆ ಕತ್ತಿಗೇ ಬಲಿಯಾಗುತ್ತಾನೆ. ಟೋ ಚಿತ್ರಗಳಲ್ಲಿ ಅಂಥ ನಾಯಕನಿಲ್ಲ. ಅಲ್ಲಿ ಕೇಂದ್ರದಲ್ಲಿರುವುದು ಒಂದು ಕುರ್ಚಿ, ಅದರ ಅವಧಿ ಎರಡು ವರ್ಷ. ನ್ಯಾಯಾಲಯಕ್ಕೆ ಹೋಗಲಾಗದ, ಲಿಖಿತ ಸಂವಿಧಾನವಿಲ್ಲದ, ಪೊಲೀಸರ ಕಣ್ಣುತಪ್ಪಿಸಿಯೇ ನಡೆಯಬೇಕಾದ ಒಂದು ಸಂಸ್ಥೆಯಲ್ಲಿ ಅಧಿಕಾರವು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದು ಹೇಗೆ ಎಂಬುದು ಮೊದಲ ಭಾಗದ ಪ್ರಶ್ನೆ. ಆ ದಾಟುವಿಕೆಯೇ ಇಲ್ಲದಂತೆ ಮಾಡಬಲ್ಲ ದೊಡ್ಡ ಶಕ್ತಿಯೊಂದು ನಡುವೆ ಬಂದರೆ ಏನಾಗುತ್ತದೆ ಎಂಬುದು ಎರಡನೆಯದರ ಪ್ರಶ್ನೆ. ಹಾಂಗ್‌ಕಾಂಗ್‌ನ ಚುನಾವಣಾ ವ್ಯವಸ್ಥೆ ಮತ್ತು ಚಲನಚಿತ್ರ ಕಾನೂನು ಎರಡೂ 2021ರಲ್ಲಿ ಬದಲಾದ ಮೇಲೆ ಈ ಎರಡು ಚಿತ್ರಗಳನ್ನು ಬರೀ ಗ್ಯಾಂಗ್‌ಸ್ಟರ್ ಚಿತ್ರಗಳೆಂದು ನೋಡುವುದು ಕಷ್ಟವಾಗಿದೆ.

ಸಂಘದ ಪರಂಪರೆಯಿಂದ ಆರಂಭಿಸಬೇಕು, ಏಕೆಂದರೆ ಚಿತ್ರದ ಪಾತ್ರಗಳೆಲ್ಲವೂ ಅದರ ಹೆಸರಿನಲ್ಲೇ ಮಾತಾಡುತ್ತವೆ. ಟ್ರಯಾಡ್‌ಗಳು ಹೇಳಿಕೊಳ್ಳುವ ಮೂಲಕಥೆಯ ಪ್ರಕಾರ ಚೀನಾವನ್ನು ಆಳುತ್ತಿದ್ದ ಮಂಚೂ ಜನಾಂಗದ ಚಿಂಗ್ ದೊರೆಗಳು ಶಾವೊಲಿನ್ ಮಠವನ್ನು ಸುಟ್ಟಾಗ ಪಾರಾದ ಐವರು ಭಿಕ್ಷುಗಳು, ಮಂಚೂ ಆಳ್ವಿಕೆಯನ್ನು ಕಿತ್ತೊಗೆದು ಮಿಂಗ್ ವಂಶವನ್ನು ಮರಳಿ ಸ್ಥಾಪಿಸುವ ಪಣ ತೊಟ್ಟು ಈ ಸೋದರಕೂಟವನ್ನು ಕಟ್ಟಿದರು. ಚಿಂಗ್ ಕಾಲದ ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರರು ಹೇಳುವುದು ಬೇರೆ. 1760ರ ದಶಕದಲ್ಲಿ ಫುಜಿಯಾನ್ ಪ್ರಾಂತದಲ್ಲಿ, ಊರು ಬಿಟ್ಟು ಊರಿಗೆ ಅಲೆಯುವ ಬಡ ಗಂಡಸರು ಪರಸ್ಪರ ನೆರವಿಗಾಗಿ ಮಾಡಿಕೊಂಡ ಒಕ್ಕೂಟವಾಗಿ ಟ್ರಯಾಡ್‌ಗಳ ಮೂಲವಾದ ತಿಯಾನ್‌ದಿಹುಯಿ ಹುಟ್ಟಿತು. 1787ರಲ್ಲಿ ತೈವಾನ್‌ನಲ್ಲಿ ಲಿನ್ ಶುವಾಂಗ್‌ವೆನ್ ನೇತೃತ್ವದ ದಂಗೆಯ ನಂತರ ಚಿಂಗ್ ಸರ್ಕಾರ ಅದನ್ನು ಬೇಟೆಯಾಡತೊಡಗಿದ ಮೇಲೆ ಅದು ಇನ್ನಷ್ಟು ಗುಪ್ತವಾಯಿತು. ರಾಜದ್ರೋಹದ ಉದಾತ್ತ ಕಥೆ ಆಮೇಲೆ ಅಂಟಿಕೊಂಡದ್ದು. ಆದರೆ ಅಂಟಿಕೊಂಡದ್ದು ಕಳಚಲಿಲ್ಲ. ಚೀನಾ ಗಣರಾಜ್ಯದ ಸ್ಥಾಪಕ ಸನ್ ಯಾಟ್‌ಸೆನ್ ಅಂಥವರೂ 1904ರಲ್ಲಿ ಹೊನೊಲುಲುವಿನಲ್ಲಿ ಈ ಬಳಗದ ದೀಕ್ಷೆ ಪಡೆದರು, ಹಣ ಮತ್ತು ಜನ ಕೂಡಿಸಲು ಅದನ್ನು ಬಳಸಿಕೊಂಡರು.

ದೀಕ್ಷೆಯಲ್ಲಿ 36 ಪ್ರಮಾಣಗಳಿವೆ. ಹುದ್ದೆಗಳಿಗೆ ಸಂಖ್ಯೆಗಳಿವೆ: ಯಜಮಾನನಿಗೆ 489, ಹೊಡೆದಾಟದ ಮುಖಂಡನಿಗೆ 426, ಲೆಕ್ಕಪತ್ರ ಮತ್ತು ಸಲಹೆಯವನಿಗೆ 415, ಸಂಪರ್ಕದವನಿಗೆ 432, ಸಾಮಾನ್ಯ ಸದಸ್ಯನಿಗೆ 49. ನಾಲ್ಕು ಒಂಬತ್ತಲೆ ಮೂವತ್ತಾರು, ಅದೇ ಪ್ರಮಾಣಗಳ ಸಂಖ್ಯೆ. ಸೋದರನ ಹೆಂಡತಿಯನ್ನು ಕಾಮಿಸಬಾರದು, ಸೋದರನನ್ನು ಪೊಲೀಸರಿಗೆ ಹಿಡಿದುಕೊಡಬಾರದು, ಮುರಿದರೆ ಸಿಡಿಲು ಬಡಿದು ಅಥವಾ ಕತ್ತಿಯ ಏಟಿಗೆ ಸಾಯಬೇಕು ಎಂಬಂಥ ಮಾತುಗಳು ಆ ಪ್ರಮಾಣಗಳಲ್ಲಿ ಬರುತ್ತವೆ. ಚಿತ್ರದ ಮಧ್ಯೆ ಈ ವಿಧಿಯನ್ನು ಟೋ ಬಹಳ ಹೊತ್ತು, ಯಾವ ವ್ಯಂಗ್ಯವೂ ಇಲ್ಲದೆ ತೋರಿಸುತ್ತಾರೆ. ವ್ಯಂಗ್ಯವನ್ನು ಕಥೆಯೇ ಮಾಡುತ್ತದೆ, ಏಕೆಂದರೆ ಹೀಗೆ ಸೋದರರಾದವರಲ್ಲಿ ಹಲವರು ಎರಡನೆಯ ಭಾಗ ಮುಗಿಯುವುದರೊಳಗೆ ಒಬ್ಬರನ್ನೊಬ್ಬರು ಕೊಂದಿರುತ್ತಾರೆ.

ಕಥೆ ಸರಳ. ವೋ ಶಿಂಗ್ ಎಂಬ ಕಲ್ಪಿತ ಸಂಘದ ಅಧ್ಯಕ್ಷನ ಅವಧಿ ಮುಗಿದಿದೆ. ಇಬ್ಬರು ಕಣದಲ್ಲಿದ್ದಾರೆ. ಸೈಮನ್ ಯಾಮ್ ವಹಿಸಿರುವ ಲೋಕ್ ಮೆದುಮಾತಿನವನು, ಮನೆಯಲ್ಲಿ ಅಡುಗೆ ಮಾಡುವ, ಮಗನ ಓದಿನ ಬಗ್ಗೆ ಚಿಂತಿಸುವ ಒಂಟಿ ತಂದೆ. ಟೋನಿ ಲ್ಯುಂಗ್ ಕಾ-ಫೈ ವಹಿಸಿರುವ ಬಿಗ್ ಡಿ ಕೂಗಾಟದವನು, ಕೈಬಿಚ್ಚಿ ಹಣ ಚೆಲ್ಲುವವನು. ಮತ ಹಾಕುವವರು ಸಾಮಾನ್ಯ ಸದಸ್ಯರಲ್ಲ. ನಿವೃತ್ತಿಯ ಅಂಚಿನಲ್ಲಿರುವ ಕೆಲವೇ ಮುದುಕರು, ಸಂಘದ ಎಲ್ಲರೂ ಅಂಕಲ್ ಎಂದು ಕರೆಯುವವರು, ಒಂದು ಕೋಣೆಯಲ್ಲಿ ಚಹಾ ಹೀರುತ್ತ ತೀರ್ಮಾನ ಮಾಡುತ್ತಾರೆ. ಬಿಗ್ ಡಿಯಿಂದ ಹಣ ತಿಂದವರು ಅವನ ಪರ ವಾದಿಸುತ್ತಾರೆ. ವಾಂಗ್ ಟಿನ್-ಲಾಮ್ ವಹಿಸಿರುವ ಅಂಕಲ್ ಟೆಂಗ್ ಮಾತ್ರ ಒಂದು ರಾಜಕೀಯ ವಾದ ಹೂಡುತ್ತಾನೆ: ಬಿಗ್ ಡಿ ಈಗಾಗಲೇ ಬಲಾಢ್ಯ, ಅವನ ಕೈಗೆ ಗದ್ದುಗೆಯೂ ಹೋದರೆ ಸಮತೋಲ ಕೆಡುತ್ತದೆ. ಲೋಕ್ ಗೆಲ್ಲುತ್ತಾನೆ. ಯೋಗ್ಯನೆಂದು ಅವನನ್ನು ಆರಿಸಿದ್ದಲ್ಲ, ಕಡಿಮೆ ಅಪಾಯದವನೆಂದು ಆರಿಸಿದ್ದು. ಆ ಲೆಕ್ಕಾಚಾರ ಎಷ್ಟು ತಪ್ಪಾಗಿತ್ತೆಂಬುದು ಎರಡನೆಯ ಭಾಗದಲ್ಲಿ ಟೆಂಗ್‌ಗೇ ತಿಳಿಯುತ್ತದೆ.

ಸೋತ ಬಿಗ್ ಡಿ ತನ್ನ ಹಣ ಹಂಚಿದ ದಲ್ಲಾಳಿಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿಸಿ ಗುಡ್ಡದ ಮೇಲಿನಿಂದ ಉರುಳಿಸುತ್ತಾನೆ, ಮತ್ತೆ ಮೇಲಕ್ಕೆ ಹೊರಿಸಿ ಮತ್ತೆ ಉರುಳಿಸುತ್ತಾನೆ. ಕೊಟ್ಟ ಲಂಚಕ್ಕೆ ಕೆಲಸವಾಗದಿದ್ದರೆ ದೂರು ಕೊಡುವುದು ಎಲ್ಲಿ? ನಮ್ಮ ಚುನಾವಣೆಗಳಲ್ಲಿ ಹಂಚಿದ ಹಣದ ಲೆಕ್ಕ ಕೇಳಲಾಗದೆ ಸೋತ ಅಭ್ಯರ್ಥಿ ಗೊಣಗಿಕೊಂಡು ಸುಮ್ಮನಾಗುತ್ತಾನೆ. ಇಲ್ಲಿ ಪೆಟ್ಟಿಗೆ ಮತ್ತು ಗುಡ್ಡ.

ಆಮೇಲೆ ಶುರುವಾಗುವುದು ದಂಡದ ಬೇಟೆ. ಅಧ್ಯಕ್ಷ ಪದವಿಯ ಗುರುತಾಗಿ ಡ್ರ್ಯಾಗನ್ ತಲೆ ಕೆತ್ತಿದ ಹಳೆಯ ಮರದ ದಂಡವೊಂದಿದೆ. ನಮ್ಮ ಸಂಸ್ಥಾನಗಳ ಪಟ್ಟದ ಕತ್ತಿಯ ಹಾಗೆ ಅದು ಕೈಯಲ್ಲಿದ್ದರೆ ಮಾತ್ರ ಪಟ್ಟವಾದಂತೆ. ಹಿಂದಿನ ಅಧ್ಯಕ್ಷ ಅದನ್ನು ಗಡಿಯಾಚೆ ಚೀನಾದ ನೆಲದಲ್ಲಿ ಬಚ್ಚಿಟ್ಟಿದ್ದಾನೆ. ಎರಡೂ ಬಣದ ಹುಡುಗರು ಗುವಾಂಗ್‌ಡಾಂಗ್‌ನ ರಸ್ತೆಗಳಲ್ಲಿ ರಾತ್ರಿಯಿಡೀ ಅದಕ್ಕಾಗಿ ಬಡಿದಾಡುತ್ತಾರೆ. ಈ ಭಾಗವನ್ನು ಬೇರೆ ಯಾವ ನಿರ್ದೇಶಕನಾದರೂ ಸಾಹಸದ ಓಟವಾಗಿ ಮಾಡುತ್ತಿದ್ದ. ಟೋ ಅದನ್ನು ಫೋನ್ ಕರೆಗಳ ಆಟವಾಗಿ ಮಾಡಿದ್ದಾರೆ. ಲಾಮ್ ಸೂಯೆಟ್ ವಹಿಸಿರುವ ದಪ್ಪ ಮೈಯ ನಿಷ್ಠಾವಂತನನ್ನು ಒಬ್ಬ ಮರದ ತುಂಡಿನಿಂದ ಬಡಿಯುತ್ತಿದ್ದಾನೆ, ಏಟು ಬಿದ್ದಂತೆಲ್ಲ ಇವನು ದಂಡ ಬಿಡದೆ ದೀಕ್ಷೆಯ ಪ್ರಮಾಣಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಿದ್ದಾನೆ. ಅಷ್ಟರಲ್ಲಿ ಬಡಿಯುವವನ ಫೋನು ಬಡಿದುಕೊಳ್ಳುತ್ತದೆ. ಮೇಲಿನವರು ರಾಜಿಯಾಗಿದ್ದಾರೆ, ಈಗ ಇಬ್ಬರೂ ಒಂದೇ ಕಡೆಯವರು. ಪ್ರಮಾಣ ಹೇಳುತ್ತಿದ್ದವನ ಶ್ರದ್ಧೆ ಸುಳ್ಳಲ್ಲ, ಅದು ನಿಜವಾಗಿಯೇ ಅವನ ನೋವನ್ನು ತಡೆದಿದೆ. ಆದರೆ ಆ ಶ್ರದ್ಧೆ ಯಾರಿಗೆ ಸಲ್ಲಬೇಕೆಂಬುದನ್ನು ತೀರ್ಮಾನಿಸುವವನು ಬೇರೆಲ್ಲೋ ಕುಳಿತಿದ್ದಾನೆ. ಪರಂಪರೆಯ ಬಗ್ಗೆ ಇಡೀ ಚಿತ್ರದ ನಿಲುವು ಈ ಒಂದು ದೃಶ್ಯದಲ್ಲಿದೆ. ಕೆಳಗಿನವನಿಗೆ ಅದು ಧರ್ಮ, ಮೇಲಿನವನಿಗೆ ಸಲಕರಣೆ.

ಇದೇ ಬಗೆಯ ಇನ್ನೊಂದು ದೃಶ್ಯದಲ್ಲಿ, ನಿಕ್ ಚ್ಯುಂಗ್ ವಹಿಸಿರುವ ಜೆಟ್ ಎಂಬವನು ಬಿಗ್ ಡಿಯ ಸವಾಲಿಗೆ ಪ್ರತಿಯಾಗಿ ಪಿಂಗಾಣಿ ಚಮಚವನ್ನು ಪುಡಿಮಾಡಿ ಬಾಯಿಗೆ ಹಾಕಿಕೊಂಡು ನುಂಗುತ್ತಾನೆ. ಮಾತು ಕಡಿಮೆ, ಸಂಗೀತವಿಲ್ಲ, ಜಗಿಯುವ ಸದ್ದಷ್ಟೇ. ಅವನಿಗೆ ಇದರಿಂದ ಸಿಗುವುದು ಏನೂ ಇಲ್ಲ. ಆಜ್ಞೆಗೆ ಅರ್ಥವಿರಬೇಕಾಗಿಲ್ಲ, ಪಾಲಿಸುವವನಿದ್ದರೆ ಸಾಕು ಎಂಬುದು ಅಲ್ಲಿಯ ಶಿಸ್ತು.

ಒಂದು ವಿಷಯ ಗಮನಕ್ಕೆ ಬಾರದೇ ಹೋಗಬಹುದು: ಮೊದಲ ಚಿತ್ರದಲ್ಲಿ ಒಂದೇ ಒಂದು ಗುಂಡೂ ಹಾರುವುದಿಲ್ಲ. 1980ರ ದಶಕದ ಕೊನೆಯಿಂದ ಹಾಂಗ್‌ಕಾಂಗ್ ಸಿನಿಮಾ ಜಗತ್ತಿಗೆ ಮಾರಿದ್ದೇ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದ ಉದ್ದ ಕೋಟಿನ ವೀರರನ್ನು. ಟೋ ಕೂಡ ಬಂದೂಕಿನ ದೃಶ್ಯಗಳಲ್ಲಿ ಪಳಗಿದವರೇ. ಇಲ್ಲಿ ಮಾತ್ರ ಕತ್ತಿ, ದೊಣ್ಣೆ, ಕಲ್ಲು, ಬರಿಗೈ. ಬಂದೂಕು ಸುಲಭವಾಗಿ ಸಿಗದ ಆ ನಗರದ ಬೀದಿ ಜಗಳಗಳಿಗೆ ಇದು ಹತ್ತಿರವೂ ಹೌದು. ಬೆಂಗಳೂರಿನ ರೌಡಿ ಕಥೆಗಳಲ್ಲಿ ಲಾಂಗು, ಮಚ್ಚು ನೋಡಿ ಬೆಳೆದ ಕನ್ನಡದ ಪ್ರೇಕ್ಷಕನಿಗೆ ಇದು ಹೊಸದೆನಿಸದು. ಆದರೆ ನಮ್ಮಲ್ಲಿ ಲಾಂಗು ಬೀಸುವುದು ಒಂದು ಮೆರವಣಿಗೆ, ಹಿನ್ನೆಲೆ ಸಂಗೀತದೊಂದಿಗೆ ನಾಯಕನ ಪ್ರವೇಶ. ಇಲ್ಲಿ ಕೊಲೆ ಕಷ್ಟದ ಮೈಗೆಲಸ, ಉಸಿರು ಕಟ್ಟುತ್ತದೆ, ಕೈ ಸೋಲುತ್ತದೆ, ನೋಡುವವನಿಗೆ ಮುಜುಗರವಾಗುತ್ತದೆ.

ಆ ಮುಜುಗರದ ತುದಿ ಮೊದಲ ಚಿತ್ರದ ಕೊನೆಯ ದೃಶ್ಯ. ಲೋಕ್ ಮತ್ತು ಬಿಗ್ ಡಿ ಈಗ ರಾಜಿಯಾಗಿದ್ದಾರೆ, ಪ್ರಮಾಣ ಮಾಡಿದ ಸೋದರರು, ಜೊತೆಗೂಡಿ ಮೀನು ಹಿಡಿಯಲು ಹೋಗಿದ್ದಾರೆ. ಲೋಕ್‌ನ ಮಗ, ಬಿಗ್ ಡಿಯ ಹೆಂಡತಿ ಜೊತೆಗಿದ್ದಾರೆ. ಬೇರೆ ಸಂಘಗಳಲ್ಲಿರುವಂತೆ ನಮ್ಮಲ್ಲೂ ಇಬ್ಬರು ಅಧ್ಯಕ್ಷರಿರಬಾರದೇಕೆ ಎಂದು ಬಿಗ್ ಡಿ ಕೇಳುತ್ತಾನೆ. ಲೋಕ್ ಒಪ್ಪಿದವನಂತೆ ತೋರಿಸಿಕೊಳ್ಳುತ್ತಾನೆ, ಸ್ವಲ್ಪ ಹೊತ್ತಿನ ಬಳಿಕ ಹಿಂದಿನಿಂದ ಬಂದು ಕಲ್ಲಿನಿಂದ ಅವನ ತಲೆ ಜಜ್ಜುತ್ತಾನೆ. ಓಡಿದ ಹೆಂಡತಿಯನ್ನೂ ಬೆನ್ನಟ್ಟಿ ಕೊಲ್ಲುತ್ತಾನೆ. ಮರಗಳ ಮೇಲಿನ ಮಂಗಗಳು ಕಿರುಚುತ್ತವೆ. ಮಗ ನೋಡಿಬಿಟ್ಟಿದ್ದಾನೆ. ಇಲ್ಲಿ ಕೋಪವಿಲ್ಲ, ದ್ವೇಷವೂ ಇಲ್ಲ. ಒಂದು ಗದ್ದುಗೆಗೆ ಇಬ್ಬರು ಎಂಬ ಪ್ರಸ್ತಾಪವನ್ನು ತಿರಸ್ಕರಿಸಲು ಆ ವ್ಯವಸ್ಥೆಯಲ್ಲಿ ಇರುವ ವಿಧಾನ ಇದೊಂದೇ. ಅಂದಹಾಗೆ, ಇಡೀ ಚಿತ್ರದಲ್ಲಿ ಗಂಡಸರ ಎದುರು ದನಿ ಎತ್ತಿ ಮಾತಾಡುವ ಒಬ್ಬಳೇ ಹೆಣ್ಣು ಈ ಹೆಂಡತಿ, ಗಂಡನ ರಾಜಕೀಯ ಲೆಕ್ಕವನ್ನು ಅವನಿಗಿಂತ ಚೆನ್ನಾಗಿ ಬಲ್ಲವಳು. ಅವಳಿಗೆ ಚಿತ್ರ ಇನ್ನಷ್ಟು ಜಾಗ ಕೊಡಬಹುದಿತ್ತು ಎಂದು ಪ್ರತಿ ಸಲ ನೋಡಿದಾಗಲೂ ಅನಿಸುತ್ತದೆ.

ಇದೆಲ್ಲ ಎಷ್ಟರಮಟ್ಟಿಗೆ ನಿಜ? ಹಾಂಗ್‌ಕಾಂಗ್‌ನಲ್ಲಿ ವೋ ಎಂಬ ಹೆಸರಿನಿಂದ ಆರಂಭವಾಗುವ ಸಂಘಗಳ ಬಳಗವೇ ಇದೆ, ಅವುಗಳಲ್ಲಿ ವೋ ಶಿಂಗ್ ವೋ ದೊಡ್ಡದು. ಅಧ್ಯಕ್ಷನನ್ನು ಹಿರಿಯರು ಅವಧಿಗೊಮ್ಮೆ ಆರಿಸುವ ಪದ್ಧತಿ ಅಲ್ಲಿ ನಿಜಕ್ಕೂ ಇದೆ, ಪೊಲೀಸರು ಅಂಥ ಸಭೆಗಳ ಮೇಲೆ ದಾಳಿ ಮಾಡುವುದೂ ಉಂಟು. ಆದರೆ ಸಂಶೋಧಕರು ಎಚ್ಚರಿಸುವುದು ಏನೆಂದರೆ, ಒಬ್ಬ ಯಜಮಾನನ ಆಜ್ಞೆಗೆ ಸಾವಿರಾರು ಜನ ಕುಣಿಯುವ ಸೇನೆಯಂಥ ರಚನೆ ವಾಸ್ತವದಲ್ಲಿಲ್ಲ. ಪ್ರತಿ ಬಡಾವಣೆಯ ಮುಖಂಡ ತನ್ನ ಹುಡುಗರು, ತನ್ನ ಮಿನಿಬಸ್ ಮಾರ್ಗ, ತನ್ನ ಬಾರು, ತನ್ನ ಜೂಜುಕಟ್ಟೆ, ತನ್ನ ಹಫ್ತಾ ವಸೂಲಿಯೊಂದಿಗೆ ಬಹುಮಟ್ಟಿಗೆ ಸ್ವತಂತ್ರ. ದಂಧೆಯ ಲಾಭ ಅವನದೇ, ಮೇಲಿನವನಿಗೆ ಸಲ್ಲುವ ಪಾಲು ಕಡಿಮೆ. ಅಧ್ಯಕ್ಷನ ಕೈಯಲ್ಲಿರುವುದು ಬಡ್ತಿ ಕೊಡುವ ಮಾತು, ಬಡಾವಣೆಗಳ ನಡುವಣ ತಂಟೆ ಬಗೆಹರಿಸುವ ಮಾತು, ಬೇರೆ ಸಂಘದೆದುರು ನಿಂತು ಮಾತಾಡುವ ಹಕ್ಕು. ಸಂಘದ ಹೆಸರೇ ಒಂದು ಬಂಡವಾಳ. ಆ ಹೆಸರನ್ನು ಹೇಳಿಕೊಂಡು ಹೆದರಿಸಲು ಯಾರಿಗೆ ಅರ್ಹತೆಯಿದೆ ಎಂದು ತೀರ್ಮಾನಿಸುವುದು ಅಧ್ಯಕ್ಷನ ನಿಜವಾದ ಕೆಲಸ. ಆ ದೃಷ್ಟಿಯಿಂದ ಚಿತ್ರ ಅಧ್ಯಕ್ಷ ಪದವಿಯನ್ನು ಇದ್ದುದಕ್ಕಿಂತ ದೊಡ್ಡದಾಗಿ ತೋರಿಸಿದೆ. ಹಾಗಿದ್ದರೂ ಒಂದು ಸೂಕ್ಷ್ಮವನ್ನು ಅದು ಸರಿಯಾಗಿ ಹಿಡಿದಿದೆ: ಪದವಿಯ ಸ್ವಂತ ಬಲ ಕಡಿಮೆಯಾದಷ್ಟೂ ಅದರ ಲಾಂಛನಕ್ಕಾಗಿ ನಡೆಯುವ ಜಗಳ ಹೆಚ್ಚು.

ಯಾಕುಜಾ ಎಂದು ಹೆಸರಾದ ಜಪಾನಿನ ಪಾತಕ ಬಳಗಗಳ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಯಜಮಾನ ತಂದೆ, ಹಿಂಬಾಲಕರು ಮಕ್ಕಳು, ಗದ್ದುಗೆಗೆ ಅವಧಿಯಿಲ್ಲ. ಹಾಗಾಗಿ ತಂದೆ ಸತ್ತಾಗಲೇ ಬಿಕ್ಕಟ್ಟು. ಅವುಗಳಲ್ಲಿ ಒಂದಾದ ಯಾಮಾಗುಚಿ-ಗುಮಿಯ ಮೂರನೆಯ ಯಜಮಾನ ತವೋಕಾ ಕಜುವೊ 1981ರಲ್ಲಿ ಸತ್ತಾಗ ಉತ್ತರಾಧಿಕಾರಿ ಯಾರೆಂಬುದು ಮೂರು ವರ್ಷ ಇತ್ಯರ್ಥವಾಗಲಿಲ್ಲ. 1984ರಲ್ಲಿ ತಕೆನಾಕ ಮಸಾಹಿಸಾ ಪಟ್ಟಕ್ಕೆ ಬಂದ ಕೂಡಲೇ ಸಂಘ ಒಡೆಯಿತು, 1985ರ ಜನವರಿಯಲ್ಲಿ ಒಡೆದ ಬಣದವರು ಅವನನ್ನು ಗುಂಡಿಟ್ಟು ಕೊಂದರು, ಕಾಳಗ 1989ರವರೆಗೆ ನಡೆಯಿತು. ಅದೇ ಸಂಘ 2015ರ ಆಗಸ್ಟ್‌ನಲ್ಲಿ ಮತ್ತೆ ಒಡೆಯಿತು. ಅವಧಿ ಗೊತ್ತುಮಾಡುವ ಹಾಂಗ್‌ಕಾಂಗ್ ಪದ್ಧತಿಯಲ್ಲಿ ಸೋತವನಿಗೆ ಎರಡು ವರ್ಷ ಕಾದರೆ ಮತ್ತೊಂದು ಅವಕಾಶವಿದೆ, ಆದ್ದರಿಂದ ಅವನು ಸಂಘ ಒಡೆಯುವ ಸಾಧ್ಯತೆ ಕಡಿಮೆ. ಹಿರಿಯ ಟೆಂಗ್ ಕಾಯುವುದು ಈ ತರ್ಕವನ್ನೇ. ನಿಯಮ ಉಳಿದರೆ ಸಂಘ ಉಳಿಯುತ್ತದೆ.

ಎರಡನೆಯ ಭಾಗದಲ್ಲಿ ಲೋಕ್ ಆ ನಿಯಮವನ್ನೇ ಮುರಿಯಹೊರಡುತ್ತಾನೆ. ಎರಡು ವರ್ಷ ಮುಗಿದಿದೆ, ಅವನಿಗೆ ಇನ್ನೊಂದು ಅವಧಿ ಬೇಕು. ಬೇಡವೆಂದ ಟೆಂಗ್‌ನನ್ನು ಮೆಟ್ಟಿಲುಗಳಿಂದ ತಳ್ಳಿ ಕೊಲ್ಲುತ್ತಾನೆ. ಎದುರಾಳಿಯಾಗಿ ನಿಲ್ಲುವವನು ಲೂಯಿ ಕೂ ವಹಿಸಿರುವ ಜಿಮ್ಮಿ, ನಿಲ್ಲಲು ಮನಸ್ಸೇ ಇಲ್ಲದವನು. ಅವನಿಗೆ ಬೇಕಾಗಿರುವುದು ಚೀನಾದಲ್ಲಿ ಕಾನೂನುಬದ್ಧ ವ್ಯಾಪಾರ, ಜಮೀನು, ಹುಟ್ಟಲಿರುವ ಮಗು ವೈದ್ಯನೋ ವಕೀಲನೋ ಆಗುವ ಭವಿಷ್ಯ. ಆದರೆ ಚೀನಾದ ಭದ್ರತಾ ಅಧಿಕಾರಿಯೊಬ್ಬ ಷರತ್ತು ಹಾಕುತ್ತಾನೆ: ಇಲ್ಲಿ ವ್ಯಾಪಾರ ಬೇಕಿದ್ದರೆ ಅಲ್ಲಿ ಅಧ್ಯಕ್ಷನಾಗು. ಸಜ್ಜನನಾಗುವ ಆಸೆಯೇ ಜಿಮ್ಮಿಯನ್ನು ಕಟುಕನನ್ನಾಗಿ ಮಾಡುತ್ತದೆ. ನಾಯಿಗಳ ಗೂಡಿನಲ್ಲಿ ಅವನು ಒಬ್ಬನ ಹೆಣವನ್ನು ತನ್ನ ಕೈಯಾರೆ ಕತ್ತರಿಸಿ ಯಂತ್ರಕ್ಕೆ ಹಾಕಿ ನಾಯಿಗಳಿಗೆ ಉಣಿಸುವ ದೃಶ್ಯವನ್ನು ಅನೇಕರು ಅತಿಯೆಂದು ದೂರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕೈ ಕೊಳೆ ಮಾಡಿಕೊಳ್ಳದೆ ಮೇಲೇರುವ ಕನಸು ಕಂಡ ವ್ಯಾಪಾರಿ, ಆ ಕನಸಿನ ಬೆಲೆಯನ್ನು ಬೇರೆಯವರ ಕೈಯಲ್ಲಿ ಕಟ್ಟಿಸಲಾಗದೆ ತಾನೇ ಕಟ್ಟುವುದನ್ನು ಬೇರೆ ರೀತಿಯಲ್ಲಿ ತೋರಿಸುವುದು ಸುಲಭವಿರಲಿಲ್ಲ.

ಜಿಮ್ಮಿ ಗೆಲ್ಲುತ್ತಾನೆ. ಆಮೇಲೆ ಅದೇ ಅಧಿಕಾರಿ ಗುಡ್ಡದ ಮೇಲಿನ ಜಮೀನಿಗೆ ಕರೆದೊಯ್ದು ಹೊಸ ಮಾತು ಹೇಳುತ್ತಾನೆ. ಎರಡು ವರ್ಷಕ್ಕೊಮ್ಮೆ ಚುನಾವಣೆ, ಎರಡು ವರ್ಷಕ್ಕೊಮ್ಮೆ ರಕ್ತಪಾತ, ಇದೆಲ್ಲ ಇನ್ನು ಬೇಡ, ಗದ್ದುಗೆ ನಿನ್ನ ಮನೆತನದಲ್ಲೇ ಉಳಿಯಲಿ. ಎರಡೇ ವರ್ಷ ಎಂದುಕೊಂಡು ಇಳಿದವನಿಗೆ ಅದು ವಂಶಪಾರಂಪರ್ಯದ ಶಿಕ್ಷೆಯಾಗುತ್ತದೆ. ಜಿಮ್ಮಿ ಅವನನ್ನು ಹಿಗ್ಗಾಮುಗ್ಗಾ ಥಳಿಸುತ್ತಾನೆ. ಅಧಿಕಾರಿ ತಿರುಗಿ ಕೈ ಎತ್ತುವುದೇ ಇಲ್ಲ. ಎತ್ತುವ ಅಗತ್ಯ ಅವನಿಗಿಲ್ಲ. ಎರಡೂ ಚಿತ್ರಗಳಲ್ಲಿ ಹೊಡೆತಕ್ಕೆ ಹೊಡೆತವೇ ಉತ್ತರವಾಗಿದ್ದ ಲೋಕದಲ್ಲಿ ಮೊದಲ ಸಲ ಏಟು ತಿಂದವನೇ ಗೆದ್ದವನಾಗಿ ಕಾಣುತ್ತಾನೆ.

ಈ ಅಧಿಕಾರಿಯ ಪಾತ್ರ ಚಿತ್ರಕಥೆಗಾರರ ಬರೀ ಕಲ್ಪನೆಯಲ್ಲ. ಹಾಂಗ್‌ಕಾಂಗನ್ನು 1997ರಲ್ಲಿ ಬ್ರಿಟನ್ನಿನಿಂದ ಚೀನಾಕ್ಕೆ ಹಸ್ತಾಂತರಿಸುವ ಮಾತುಕತೆಗಳ ಕಾಲದಲ್ಲಿ, 1984ರಲ್ಲಿ, ಅಲ್ಲಿಯ ಪಾತಕ ಸಂಘಗಳಲ್ಲಿಯೂ ಒಳ್ಳೆಯವರಿದ್ದಾರೆ ಎಂಬ ಅರ್ಥದ ಮಾತನ್ನು ಚೀನಾದ ಅಂದಿನ ಪರಮೋಚ್ಚ ನಾಯಕ ಡೆಂಗ್ ಶಿಯಾವೊಪಿಂಗ್ ಆಡಿದ್ದರು. 1993ರಲ್ಲಿ ಚೀನಾದ ಸಾರ್ವಜನಿಕ ಭದ್ರತಾ ಸಚಿವ ತಾವೊ ಸಿಜು ಇನ್ನೂ ಸ್ಪಷ್ಟವಾಗಿ, ಟ್ರಯಾಡ್ ಸದಸ್ಯರು ದೇಶಭಕ್ತರಾಗಿದ್ದರೆ, ಹಾಂಗ್‌ಕಾಂಗ್‌ನ ಸ್ಥಿರತೆಗೆ ಕಾಳಜಿ ವಹಿಸಿದರೆ ಅವರೊಂದಿಗೂ ಒಗ್ಗೂಡಬೇಕು ಎಂದರು. ಮಿಂಗ್ ನಿಷ್ಠೆಯ ಹೆಸರಿನಲ್ಲಿ ರಾಜ್ಯದ ವಿರುದ್ಧ ಹುಟ್ಟಿದೆವೆಂದು ಹೇಳಿಕೊಳ್ಳುವ ಸಂಘಕ್ಕೆ ರಾಜ್ಯವೇ ಚಾಚಿದ ಕೈ ಅದು.

ಚಿತ್ರ ತೆರೆಕಂಡ ಹೊತ್ತನ್ನೂ ಮರೆಯುವಂತಿಲ್ಲ. ಹಾಂಗ್‌ಕಾಂಗ್‌ನ ಮೊದಲ ಮುಖ್ಯ ಕಾರ್ಯನಿರ್ವಾಹಕ, ಅಂದರೆ ಅಲ್ಲಿಯ ಸರ್ಕಾರದ ಮುಖ್ಯಸ್ಥ, ತುಂಗ್ ಚೀ-ಹ್ವಾ 2005ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಹೊಸಬರಿಗೆ ಪೂರ್ಣ ಐದು ವರ್ಷದ ಅವಧಿಯೋ, ಉಳಿದ ಎರಡು ವರ್ಷವಷ್ಟೋ ಎಂಬ ವಿವಾದ ಎದ್ದಿತು. ಏಪ್ರಿಲ್ 27ರಂದು ಬೀಜಿಂಗ್‌ನ ರಾಷ್ಟ್ರೀಯ ಜನಪ್ರತಿನಿಧಿ ಸಭೆಯ ಸ್ಥಾಯಿ ಸಮಿತಿ ಹಾಂಗ್‌ಕಾಂಗ್‌ಗೆ ಸಂವಿಧಾನದಂತಿರುವ ಮೂಲ ಕಾನೂನಿಗೆ ವ್ಯಾಖ್ಯಾನ ಕೊಟ್ಟು ಎರಡೇ ವರ್ಷ ಎಂದಿತು. 800 ಜನರ ಚುನಾವಣಾ ಸಮಿತಿಯ ಮುಂದೆ ಬೇರೆ ಯಾರಿಗೂ ಬೇಕಾದಷ್ಟು ಸೂಚಕರು ಸಿಗದೆ ಜೂನ್‌ನಲ್ಲಿ ಡೊನಾಲ್ಡ್ ತ್ಸಾಂಗ್ ಅವಿರೋಧವಾಗಿ ಆಯ್ಕೆಯಾದರು. ಈ ನಡುವೆ, ಮೇ ತಿಂಗಳಲ್ಲಿ, ಎರಡು ವರ್ಷದ ಗದ್ದುಗೆಗಾಗಿ ಬೆರಳೆಣಿಕೆಯ ಹಿರಿಯರು ಮತ ಹಾಕುವ ಚಿತ್ರ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ತೆರೆಕಂಡಿತು. ಚಿತ್ರೀಕರಣ ಮೊದಲೇ ಮುಗಿದಿದ್ದರಿಂದ ಇದು ಕಾಕತಾಳೀಯವೇ ಸರಿ. ಆದರೆ ಹಾಂಗ್‌ಕಾಂಗ್‌ನ ಪ್ರೇಕ್ಷಕರು ಅಕ್ಟೋಬರ್‌ನಲ್ಲಿ ಚಿತ್ರ ನೋಡುವಾಗ ಅದನ್ನು ಕಾಕತಾಳೀಯವೆಂದು ಬದಿಗಿಟ್ಟು ನೋಡಿರಲಾರರು. ಮರುವರ್ಷದ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಮತ್ತು ಟೋನಿ ಲ್ಯುಂಗ್ ಕಾ-ಫೈಗೆ ನಟ ಪ್ರಶಸ್ತಿ ಅದರ ಪಾಲಾದವು. 

ಅಲ್ಲಿಂದಾಚೆಗೆ ನಗರದ ರಾಜಕೀಯವೇ ಚಿತ್ರದ ಎರಡನೆಯ ಭಾಗದತ್ತ ಸರಿದಿದೆ. 2021ರಲ್ಲಿ ದೇಶಭಕ್ತರೇ ಆಳಬೇಕೆಂಬ ನೀತಿಯಂತೆ ಚುನಾವಣಾ ವ್ಯವಸ್ಥೆಯನ್ನು ಬದಲಿಸಲಾಯಿತು. ಶಾಸನಸಭೆಯ 90 ಸ್ಥಾನಗಳಲ್ಲಿ ಜನ ನೇರವಾಗಿ ಆರಿಸುವುದು 20 ಮಾತ್ರ. 2022ರ ಮೇ ತಿಂಗಳಲ್ಲಿ ಹಿಂದಿನ ಪೊಲೀಸ್ ಅಧಿಕಾರಿ ಜಾನ್ ಲೀ ಏಕೈಕ ಅಭ್ಯರ್ಥಿಯಾಗಿ ನಿಂತು ಚುನಾವಣಾ ಸಮಿತಿಯ 1,416 ಮತ ಪಡೆದು ಮುಖ್ಯ ಕಾರ್ಯನಿರ್ವಾಹಕರಾದರು, ವಿರುದ್ಧ ಬಿದ್ದದ್ದು 8. ಪೈಪೋಟಿ ಅಸ್ಥಿರತೆಯನ್ನು ತರುತ್ತದೆ, ಆದ್ದರಿಂದ ಪೈಪೋಟಿಯೇ ಬೇಡ ಎಂಬ ಭದ್ರತಾ ಅಧಿಕಾರಿಯ ತರ್ಕ ಇದಕ್ಕಿಂತ ದೂರದ್ದಲ್ಲ. ಹಾಗೆಂದು ಸಿನಿಮಾ ಭವಿಷ್ಯ ನುಡಿಯಿತು ಎನ್ನುವುದು ಉತ್ಪ್ರೇಕ್ಷೆ. ಅದು ಬರೆದದ್ದು 1997ರ ನಂತರದ ನಗರದಲ್ಲಿ ಆಗಲೇ ಗಾಳಿಯಲ್ಲಿದ್ದ ಭಯವನ್ನು.

ಟ್ರಯಾಡ್‌ಗಳ ಹೆಸರು ಬೀದಿ ರಾಜಕೀಯದಲ್ಲಿಯೂ ಕೇಳಿಬಂದಿದೆ. 2019ರ ಜುಲೈ 21ರ ರಾತ್ರಿ ಯುವೆನ್ ಲಾಂಗ್ ರೈಲು ನಿಲ್ದಾಣದಲ್ಲಿ ಬಿಳಿ ಅಂಗಿಯ ಗುಂಪೊಂದು ಬೆತ್ತ, ಸಲಾಕೆಗಳಿಂದ ಪ್ರಯಾಣಿಕರನ್ನೂ ಸರ್ಕಾರದ ವಿರುದ್ಧದ ಪ್ರತಿಭಟನೆಯಿಂದ ಮರಳುತ್ತಿದ್ದವರನ್ನೂ ಥಳಿಸಿತು, 45 ಮಂದಿ ಗಾಯಗೊಂಡರು. ಬಂಧಿತರಲ್ಲಿ ಕೆಲವರಿಗೆ ಟ್ರಯಾಡ್ ಹಿನ್ನೆಲೆಯಿದೆ ಎಂದು ಪೊಲೀಸರೇ ಹೇಳಿದರು. 2021ರಲ್ಲಿ ಏಳು ಜನರಿಗೆ ಮೂರೂವರೆಯಿಂದ ಏಳು ವರ್ಷದವರೆಗೆ ಸಜೆಯಾಯಿತು. ಅದೇ ರಾತ್ರಿ ನಿಲ್ದಾಣದಲ್ಲಿ ಏಟು ತಿಂದ ಮಾಜಿ ಶಾಸಕ ಲಾಮ್ ಚ್ಯೂಕ್-ಟಿಂಗ್ ಅವರಿಗೂ ದೊಂಬಿಯ ಆರೋಪದಲ್ಲಿ 2025ರಲ್ಲಿ ಸಜೆಯಾಗಿದೆ. ಇತ್ತ ಮಕಾವುವಿನಲ್ಲಿ 14ಕೆ ಎಂಬ ಟ್ರಯಾಡ್ ಸಂಘದ ಮುಖಂಡನಾಗಿ 1990ರ ದಶಕದ ಗ್ಯಾಂಗ್ ಕಾಳಗಗಳಿಂದ ಕುಖ್ಯಾತನಾಗಿ 2012ರವರೆಗೆ ಜೈಲಿನಲ್ಲಿದ್ದ ವಾನ್ ಕುವೊಕ್-ಕೊಯಿ ಮೇಲೆ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆ ನಿರ್ಬಂಧ ಹೇರಿತು. ಕಾಂಬೋಡಿಯದಲ್ಲಿ ಹಾಂಗ್‌ಮೆನ್ (ತಿಯಾನ್‌ದಿಹುಯಿಯ ಇನ್ನೊಂದು ಹೆಸರು) ಸಂಸ್ಕೃತಿಯ ಹೆಸರಿನ ಸಂಸ್ಥೆ ಕಟ್ಟಿ ಹಳೆಯ ಸೋದರಕೂಟದ ಪರಂಪರೆಯನ್ನೇ ವ್ಯವಹಾರದ ಮುಖವಾಡ ಮಾಡಿಕೊಂಡಿದ್ದಾನೆಂಬುದು ಆರೋಪ. ಅವನ ಕಂಪನಿ ಹೂಡಿಕೆ ಮಾಡಿದ ಯೋಜನೆಗಳಲ್ಲಿ ಒಂದು ಮ್ಯಾನ್ಮಾರ್‌ನ ಕರೆನ್ ಪ್ರಾಂತದಲ್ಲಿದೆ. ಆ ಗಡಿಭಾಗ ಇಂದು ಆನ್‌ಲೈನ್ ವಂಚನೆಯ ಕೋಟೆಗಳಿಂದ ಕುಖ್ಯಾತ. ಕೆಲಸದ ಆಮಿಷಕ್ಕೆ ಬಿದ್ದು ಆ ಕೋಟೆಗಳಲ್ಲಿ ಸಿಲುಕಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಬಡಾವಣೆಯ ಹಫ್ತಾ ಇನ್ನು ಆ ಲೋಕದ ಮುಖ್ಯ ವರಮಾನವಲ್ಲ.

ಸಿನಿಮಾ ಮಾತ್ರ ಹಿಂದಕ್ಕೆ ನೋಡುತ್ತಿದೆ. 2024ರಲ್ಲಿ ಹಾಂಗ್‌ಕಾಂಗ್‌ನ ಚಿತ್ರಮಂದಿರಗಳಲ್ಲಿ 10 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿ ಗಳಿಸಿದ ‘ಟ್ವೈಲೈಟ್ ಆಫ್ ದಿ ವಾರಿಯರ್ಸ್: ವಾಲ್ಡ್ ಇನ್’ ಕೂಡ ಪಾತಕ ಸಂಘಗಳ ಅಧಿಕಾರ ಕಲಹದ ಕಥೆಯೇ. ನಡೆಯುವುದು 1980ರ ದಶಕದಲ್ಲಿ, 1993-94ರಲ್ಲಿ ನೆಲಸಮವಾದ ಕೌಲೂನ್ ವಾಲ್ಡ್ ಸಿಟಿಯಲ್ಲಿ. ಅಂದು ಜಿಮ್ಮಿಯಾಗಿದ್ದ ಲೂಯಿ ಕೂ ಇಲ್ಲಿ ನಿವಾಸಿಗಳನ್ನು ಪೊರೆಯುವ ಕರುಣಾಳು ಯಜಮಾನ, ಕ್ಷೌರದ ಅಂಗಡಿಯವನು. ನಿರ್ದೇಶಕ ಸೋಯ್ ಚಾಂಗ್ ಹಿಂದೆ ಟೋ ಕಂಪನಿಗಾಗಿಯೇ ಚಿತ್ರ ಮಾಡಿದವರು. ಹೊಡೆದಾಟಗಳು ಸೊಗಸಾಗಿವೆ, ಕಿರಿದಾದ ಓಣಿಗಳನ್ನು ಮರುಸೃಷ್ಟಿಸಿದ ಪರಿ ಬೆರಗು ಹುಟ್ಟಿಸುತ್ತದೆ. ಆದರೆ ಸೋದರತ್ವ ಅಲ್ಲಿ ಮತ್ತೆ ನಿಜವಾದ ಸೋದರತ್ವ, ಗೆಳೆಯರು ಗೆಳೆಯರಿಗಾಗಿ ಪ್ರಾಣ ಕೊಡುತ್ತಾರೆ, ಗದ್ದುಗೆ ಕೆಟ್ಟವನ ಆಸೆ ಮಾತ್ರ. ಆ ಚಿತ್ರ ಚೀನಾದ ಮುಖ್ಯಭೂಮಿಯಲ್ಲಿಯೂ ತೆರೆಕಂಡಿತು. ನೆಲಸಮವಾದ ಜಾಗ, ಕಳೆದುಹೋದ ಕಾಲ, ವಸಾಹತು ಆಡಳಿತದ ಹೊತ್ತಿನ ಕಥೆಯಾದ್ದರಿಂದ ಇಂದಿನ ಯಾವ ಕುರ್ಚಿಯೂ ಅದರಲ್ಲಿ ಅಲುಗುವುದಿಲ್ಲ.

ಇಂದಿನ ಕುರ್ಚಿಯ ಬಗ್ಗೆ ಮಾಡಿದ ಚಿತ್ರಕ್ಕೆ ಬೇರೆ ಅಡ್ಡಿಗಳಿವೆ. 2021ರ ಅಕ್ಟೋಬರ್‌ನಲ್ಲಿ ತಿದ್ದುಪಡಿಯಾದ ಚಲನಚಿತ್ರ ಸೆನ್ಸಾರ್ ಕಾನೂನಿನ ಪ್ರಕಾರ ರಾಷ್ಟ್ರೀಯ ಭದ್ರತೆಗೆ ಧಕ್ಕೆ ತರಬಹುದಾದ ಚಿತ್ರಕ್ಕೆ ಪ್ರಮಾಣಪತ್ರ ನಿರಾಕರಿಸಬಹುದು, ಪ್ರಮಾಣಪತ್ರವಿಲ್ಲದ ಚಿತ್ರವನ್ನು ಪ್ರದರ್ಶಿಸಿದವರಿಗೆ 3 ವರ್ಷದವರೆಗೆ ಸಜೆ ಮತ್ತು 10 ಲಕ್ಷ ಹಾಂಗ್‌ಕಾಂಗ್ ಡಾಲರ್‌ವರೆಗೆ ದಂಡ ವಿಧಿಸಬಹುದು. ಚೀನಾದ ಭದ್ರತಾ ಅಧಿಕಾರಿಯೊಬ್ಬ ಪಾತಕ ಸಂಘದ ಅಧ್ಯಕ್ಷನನ್ನು ನೇಮಿಸುವ ಚಿತ್ರಕಥೆಯನ್ನು ಹಿಡಿದು ಇಂದು ಬಂಡವಾಳ ಹುಡುಕುವ ನಿರ್ಮಾಪಕನಿಗೆ ಹಾಂಗ್‌ಕಾಂಗ್‌ನ ಮಾರುಕಟ್ಟೆಯೊಂದೇ ಸಾಲದು, ಮುಖ್ಯಭೂಮಿಯ ಮಾರುಕಟ್ಟೆ ತೆರೆಯುವುದಿಲ್ಲ, ಇದರ ಮೇಲೆ ಈ ಕಾನೂನು. ತಿದ್ದುಪಡಿ ಹೊಸ ಚಿತ್ರಗಳಿಗೆ ಮಾತ್ರ ಅನ್ವಯಿಸುವುದೂ ಅಲ್ಲ. ಹಿಂದೆ ಕೊಟ್ಟ ಪ್ರಮಾಣಪತ್ರಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಅದು ಸರ್ಕಾರದ ಮುಖ್ಯ ಕಾರ್ಯದರ್ಶಿಗೆ ಕೊಟ್ಟಿದೆ, 2005 ಮತ್ತು 2006ರಲ್ಲಿ ಕೊಟ್ಟವೂ ಅದರ ವ್ಯಾಪ್ತಿಯಲ್ಲೇ ಬರುತ್ತವೆ.